ಶಾಂತಿನಿಕೇತನಕ್ಕೆ ನಿಪ್ಪಾನ್ ಭವನ ಇಷ್ಟು ತಡವಾಗಿ ಬಂದದ್ದೇಕೆ?

ಪ್ರಶ್ನೆ: ಶಾಂತಿನಿಕೇತನದಲ್ಲಿ ಚೀನೀ ಅಧ್ಯಯನಕ್ಕೆಂದು ಕಟ್ಟಿದ ಚೀನಾ ಭವನ 1937ರದು. ಜಪಾನಿನೊಂದಿಗೆ ಟ್ಯಾಗೋರರ ನಂಟು ಅದಕ್ಕಿಂತ ಹಳೆಯದು. ಹಾಗಿದ್ದೂ ಜಪಾನಿ ಅಧ್ಯಯನದ ನಿಪ್ಪಾನ್ ಭವನ 1994ರವರೆಗೆ ಕಾಯಬೇಕಾಯಿತೇಕೆ?

ಉತ್ತರ: ನಂಟು ಹಳೆಯದು, ಅನುಮಾನವಿಲ್ಲ. ಶಾಂತಿನಿಕೇತನದಲ್ಲಿ ಟ್ಯಾಗೋರರ ಆಶ್ರಮದ ಶಾಲೆ ಶುರುವಾದದ್ದು 1901ರ ಡಿಸೆಂಬರಿನಲ್ಲಿ. ಮರುವರ್ಷವೇ ಹೋರಿ ಶಿತೋಕು ಎಂಬ ಜಪಾನಿನ ತರುಣ ಬೌದ್ಧ ಭಿಕ್ಷು ಸಂಸ್ಕೃತ ಕಲಿಯಲು ಅಲ್ಲಿಗೆ ಬಂದರು. ಅಲ್ಲಿನ ಮೊದಲ ವಿದೇಶಿ ವಿದ್ಯಾರ್ಥಿ ಅವರೇ. 1905ರಲ್ಲಿ ಬಂದ ಸಾನೊ ಜಿನ್ನೊಸುಕೆ ಜೂಡೊ ಜೊತೆಗೆ ಜಪಾನಿ ಭಾಷೆಯನ್ನೂ ಹೇಳಿಕೊಟ್ಟರು. 1929ರಲ್ಲಿ ತಕಾಗಾಕಿ ಶಿಂಜೊ ಬಂದಾಗ ಹುಡುಗಿಯರೂ ಜೂಡೊ ಕಲಿತರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಆದರೆ ಈ ನಂಟಿನಲ್ಲಿ ಜಗಳವೂ ಇತ್ತು. 1916ರಲ್ಲಿ ಜಪಾನಿಗೆ ಹೋದ ಟ್ಯಾಗೋರರನ್ನು ಜನ ಮುಗಿಬಿದ್ದು ಬರಮಾಡಿಕೊಂಡರು. ಅವರು ರಾಷ್ಟ್ರವಾದವನ್ನು ಟೀಕಿಸಿದ್ದೇ ತಡ, ಸೋತ ದೇಶದ ಕವಿಯೆಂದು ಮೂಗು ಮುರಿದವರೂ ಹುಟ್ಟಿಕೊಂಡರು. 1937ರ ಏಪ್ರಿಲ್‌ನಲ್ಲಿ ಚೀನಾ ಭವನ ತೆರೆಯಿತು. ಅದರ ಹಿಂದೆ ತಾನ್ ಯುನ್‌ಶಾನ್ ಎಂಬ ವಿದ್ವಾಂಸರ ಪಟ್ಟುಬಿಡದ ದುಡಿಮೆಯಿತ್ತು, ಚೀನಾದಿಂದ ಬಂದ ಹಣವಿತ್ತು. ಜುಲೈನಲ್ಲಿ ಜಪಾನ್ ಚೀನಾದ ಮೇಲೆ ಯುದ್ಧಕ್ಕಿಳಿಯಿತು. ಮರುವರ್ಷ ಜಪಾನಿನ ಕವಿ ಯೋನೆ ನೊಗುಚಿ ಈ ಯುದ್ಧವನ್ನು ಸಮರ್ಥಿಸಿ, ಇದು ಏಷ್ಯಾದ ಒಳಿತಿಗೇ ಎಂದು ಹಳೆಯ ಸ್ನೇಹಿತ ಟ್ಯಾಗೋರರಿಗೆ ಪತ್ರ ಬರೆದರು. ತಲೆಬುರುಡೆಗಳ ಗೋಪುರದ ಮೇಲೆ ಏಳುವ ಏಷ್ಯಾ ಎಂದು ಟ್ಯಾಗೋರರು ಅದನ್ನು ಜರೆದರು. ಮುಂದಿನ ಪತ್ರದ ಕೊನೆಯಲ್ಲಂತೂ, ತಾವು ಪ್ರೀತಿಸುವ ಜಪಾನಿನ ಜನಕ್ಕೆ ಗೆಲುವನ್ನು ಹಾರೈಸದೆ ಪಶ್ಚಾತ್ತಾಪವನ್ನು ಹಾರೈಸಿದರು. ಅಂಥ ಹೊತ್ತಿನಲ್ಲಿ ಜಪಾನಿಗೊಂದು ಭವನ ಕಟ್ಟುವ ಮಾತನ್ನು ಯಾರು ಎತ್ತಿಯಾರು? ನನ್ನ ಲೆಕ್ಕದಲ್ಲಿ ಅರ್ಧ ಉತ್ತರ ಇಲ್ಲೇ ಇದೆ. 1941ರಲ್ಲಿ ಟ್ಯಾಗೋರರು ತೀರಿಕೊಂಡರು.

ಉಳಿದರ್ಧ ಹಣದ್ದು, ಜನದ್ದು. ಪಾಠವೇನೂ ಭವನಕ್ಕಾಗಿ ಕಾದು ಕೂರಲಿಲ್ಲ: ಟ್ಯಾಗೋರರು ಶಾಂತಿನಿಕೇತನದಲ್ಲಿ ಕಟ್ಟಿದ ವಿಶ್ವಭಾರತಿ 1951ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು, 1954ರಲ್ಲಿ ಅಲ್ಲಿ ಜಪಾನಿ ವಿಭಾಗ ಆರಂಭವಾಯಿತು. ಹಾಗಾಗಿ ಜಪಾನಿ ಕಲಿಕೆಯ ಇತಿಹಾಸವನ್ನು 1994ರಿಂದ ಎಣಿಸುವುದು ಸರಿಯಲ್ಲ. ಚೀನಾ ಭವನಕ್ಕೆ ತಾನ್ ಇದ್ದಂತೆ ಜಪಾನಿಗೂ ಒಬ್ಬರು ಬೇಕಿತ್ತು. 1967ರಲ್ಲಿ ಜಪಾನಿ ಕಲಿಸಲು ಬಂದ ಅಜುಮಾ ಕಜುವೊ ಆ ಕೆಲಸಕ್ಕೆ ಹೆಗಲು ಕೊಟ್ಟರು. ಟ್ಯಾಗೋರರ ಕೃತಿಗಳನ್ನು ಜಪಾನಿಗೆ ಅನುವಾದಿಸಿದ ಈ ಪ್ರಾಧ್ಯಾಪಕರು ಊರಿಗೆ ಮರಳಿದ ಮೇಲೂ ಶಾಂತಿನಿಕೇತನವನ್ನು ಬಿಡಲಿಲ್ಲ. ತಮ್ಮ ದೇಶದಲ್ಲಿ ದೇಣಿಗೆ ಕೂಡಿಸಿ ಕಳಿಸಿದರು. 1994ರಲ್ಲಿ ನಿಪ್ಪಾನ್ ಭವನದ ಬಾಗಿಲು ತೆರೆದದ್ದು ಆ ಹಣದಿಂದ.