ಓದುಗರ ಪ್ರಶ್ನೆ: ಹಡಗಿನ ಬಣ್ಣದಿಂದ ಹೆಣ್ಣು ಬಸವನಹುಳು ಗಂಡಾಗುತ್ತದೆಯೇ?

ಪ್ರಶ್ನೆ: ಹಡಗಿಗೆ ಬಳಿಯುವ ಬಣ್ಣದಿಂದ ಸಮುದ್ರದ ಹೆಣ್ಣು ಬಸವನಹುಳುಗಳು ಗಂಡಾಗುತ್ತವೆ ಅಂತ ಕೇಳಿದೆ. ನಿಜವೇ?

ಉತ್ತರ: ಅರ್ಧ ನಿಜ. ಹುಳು ಪೂರ್ತಿ ಗಂಡಾಗುವುದಿಲ್ಲ. ಹೆಣ್ಣಿನ ಅಂಗಗಳು ಇದ್ದ ಹಾಗೇ ಇರುತ್ತವೆ, ಜೊತೆಗೆ ಗಂಡಿನ ಜನನಾಂಗ ಮತ್ತು ವೀರ್ಯನಾಳವೂ ಬೆಳೆಯುತ್ತವೆ. ಇದಕ್ಕೆ ಇಂಪೊಸೆಕ್ಸ್ ಎನ್ನುತ್ತಾರೆ.

ಕಾರಣ, ಬಣ್ಣದಲ್ಲಿದ್ದ ಟ್ರೈಬ್ಯುಟೈಲ್‌ಟಿನ್, ಅಂದರೆ ಟಿಬಿಟಿ. ಹಡಗಿನ ತಳಕ್ಕೆ ಪಾಚಿ, ಬಾರ್ನಕಲ್ ಎಂಬ ಚಿಪ್ಪಿನ ಜೀವಿ ಅಂಟಿದರೆ ವೇಗ ಕುಗ್ಗುತ್ತದೆ, ಇಂಧನ ಜಾಸ್ತಿ ಬೇಕಾಗುತ್ತದೆ. ಅದಕ್ಕೇ 1960ರ ದಶಕದಿಂದ ಈ ವಿಷ ಬೆರೆಸಿದ ಬಣ್ಣ ಬಳಿಯತೊಡಗಿದರು. ಬಣ್ಣದಿಂದ ಅದು ಸ್ವಲ್ಪಸ್ವಲ್ಪವೇ ನೀರಿಗೆ ಇಳಿಯುತ್ತಿತ್ತು.

ಇಂಗ್ಲೆಂಡಿನ ಪ್ಲಿಮತ್ ತೀರದಲ್ಲಿ ಡಾಗ್ ವೆಲ್ಕ್ ಎಂಬ ಬಸವನಹುಳುವಿನಲ್ಲಿ ಈ ವಿಕಾರ ಕಂಡದ್ದು 1970ರ ಹೊತ್ತಿಗೆ. ಟಿಬಿಟಿಯೇ ಕಾರಣ ಎಂದು ಗೊತ್ತಾಗಲು ಮತ್ತೂ ಹತ್ತು-ಹದಿನೈದು ವರ್ಷ ಹಿಡಿಯಿತು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ. ಅಂಥ ಒಂದೆರಡು ಪಾಲು ಒಂದು ಲೀಟರ್ ನೀರಿನಲ್ಲಿದ್ದರೂ ಸಾಕು, ಹೆಣ್ಣಿನ ದೇಹ ದಾರಿ ತಪ್ಪುತ್ತದೆ. ಹಾರ್ಮೋನಿನ ಆದೇಶ ಪಾಲಿಸುವ ಆರ್‌ಎಕ್ಸ್‌ಆರ್ ಎಂಬ ಪ್ರೋಟೀನಿಗೆ ಟಿಬಿಟಿ ಅಂಟಿಕೊಳ್ಳುತ್ತದೆ. ಯಾರೂ ಕೊಡದ ಆದೇಶಕ್ಕೆ ಗಂಡಿನ ಅಂಗ ಚಿಗುರುತ್ತದೆ.

ನನಗೆ ತುಂಬಾ ಸಂಕಟ ಕೊಡುವುದು ಮುಂದಿನ ಹಂತ. ಬೆಳೆದ ವೀರ್ಯನಾಳ ಮೊಟ್ಟೆ ಹೊರಬರುವ ಬಾಯನ್ನೇ ಮುಚ್ಚಿಬಿಡುತ್ತದೆ. ಒಳಗೆ ಮೊಟ್ಟೆಚೀಲಗಳು ತಯಾರಾಗುತ್ತಲೇ ಇರುತ್ತವೆ, ಹೊರಗೆ ಬರಲು ದಾರಿಯಿಲ್ಲ. ಅವು ಒಳಗೇ ರಾಶಿಯಾಗಿ ಹೆಣ್ಣು ಸಾಯುತ್ತದೆ. ಗಂಡುಗಳು ಉಳಿಯುತ್ತವೆ, ಮರಿಗಳು ಮಾತ್ರ ಇಲ್ಲ. ಬೇರೆ ಕಡೆಯಿಂದ ಮರಿಗಳು ತೇಲಿ ಬರಬಹುದಲ್ವಾ ಎಂದರೆ, ಡಾಗ್ ವೆಲ್ಕ್‌ಗೆ ಅದೂ ಇಲ್ಲ. ಅದರ ಮರಿಗಳು ಬಂಡೆಗೆ ಅಂಟಿದ ಚೀಲದಿಂದಲೇ ತೆವಳಿಕೊಂಡು ಬರುತ್ತವೆ. ಒಂದು ತೀರ ಖಾಲಿಯಾದರೆ ಬಹುಕಾಲ ಖಾಲಿಯೇ.

ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿ ಸಾಕಣೆಗೂ ಇದೇ ಪೆಟ್ಟು ಬಿತ್ತು. ಚಿಪ್ಪು ವಿಕಾರವಾಗಿ ದಪ್ಪಗಾಯಿತು, ಮರಿಗಳು ಉಳಿಯಲಿಲ್ಲ. ಸಿಂಪಿ ಸಾಕುವವರ ಬದುಕಿಗೇ ಕುತ್ತು ಬಂದಾಗ, 1982ರಲ್ಲಿ, ಫ್ರಾನ್ಸ್ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಈ ಬಣ್ಣ ನಿಷೇಧಿಸಿತು. ಬ್ರಿಟನ್ 1987ರಲ್ಲಿ. ಹಡಗುಗಳಿಗೆಲ್ಲ ಅನ್ವಯಿಸುವ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ. ಕಾರವಾರದಿಂದ ದೂರವೇನಲ್ಲದ ಗೋವಾದ ಮರ್ಮಗೋವಾ ಬಂದರಿನ ಬಸವನಹುಳುಗಳಲ್ಲೂ ಇಂಪೊಸೆಕ್ಸ್ ಕಂಡ ವರದಿ 1999ರಲ್ಲೇ ಬಂದಿತ್ತು.

ನಿಷೇಧದ ನಂತರ ಬ್ರಿಟನ್ನಿನ ಅನೇಕ ತೀರಗಳಿಗೆ ಡಾಗ್ ವೆಲ್ಕ್ ಮರಳಿದೆ. ಆದರೆ ಬಂದರುಗಳ ತಳದ ಕೆಸರಿನಲ್ಲಿ ಹಳೆಯ ಟಿಬಿಟಿ ವರ್ಷಗಟ್ಟಲೆ ಉಳಿಯುತ್ತದೆ. ಹೂಳೆತ್ತುವಾಗ ಅದು ಮತ್ತೆ ನೀರಿಗೆ ಸೇರುತ್ತದೆ.