ನೇಮ್ ಮ್ಯಾಂಗ್ಲಿಂಗ್: ಡೀಬಗರ್ ತೋರಿಸುವ ಆ ಉದ್ದ ಹೆಸರನ್ನು ಕಣ್ಣಿಂದಲೇ ಓದುವುದು

ಸಿ++ ನಲ್ಲಿ ಬರೆದ ಪ್ರೋಗ್ರಾಂ ಕ್ರ್ಯಾಶ್ ಆದಾಗ ಪರದೆ ಮೇಲೆ ಇಂಥದೊಂದು ಸಾಲು ಬರುತ್ತದೆ: ಅಂಡರ್‌ಸ್ಕೋರ್, ಝಡ್, ಎನ್, 4, ಮಿಲ್, 5, ಚೀಲ, 5, ತೂಕ, ಇ, ಐ. ಇಲ್ಲಿ ಓದಲಿಕ್ಕೆ ಸಲೀಸಾಗಲಿ ಅಂತ ಬಿಡಿಬಿಡಿಯಾಗಿ ಬರೆದಿದ್ದೇನೆ. ನಿಜದಲ್ಲಿ ಅಷ್ಟೂ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಚೂರೂ ಜಾಗ ಇಲ್ಲದೆ, ಒಂದೇ ಮುದ್ದೆಯಾಗಿ ಇರುತ್ತದೆ. ಹೊಸದಾಗಿ ಕಲಿಯುವವರು ಇದನ್ನು ನೋಡಿ ಮೆಮೊರಿ ಕೆಟ್ಟು ಏನೋ ಕಸ ಬಂದಿದೆ ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಕಸ ಅಲ್ಲ. ಯಾವ ಫಂಕ್ಷನ್, ಯಾವ ಕ್ಲಾಸಿನದು, ಏನೇನು ತೆಗೆದುಕೊಳ್ಳುತ್ತದೆ ಎಂಬುದೆಲ್ಲ ಅದರೊಳಗೇ ಇದೆ. ನಾವು ಬರೆದ ಕೋಡನ್ನು ಮೆಷಿನ್ ಭಾಷೆಗೆ ತಿರುಗಿಸುವ ಕಂಪೈಲರ್ ಹೀಗೆ ಹೆಸರು ಕಟ್ಟುವುದಕ್ಕೆ ನೇಮ್ ಮ್ಯಾಂಗ್ಲಿಂಗ್ ಎನ್ನುತ್ತಾರೆ, ಅದನ್ನು ವಾಪಸ್ ಬಿಡಿಸುವುದಕ್ಕೆ ಡೀಮ್ಯಾಂಗ್ಲಿಂಗ್.

ಬಿಡಿಸುವ ಟೂಲ್ ಇದೆಯಲ್ಲ, ಕಣ್ಣಿಂದ ಯಾಕೆ ಓದಬೇಕು? ನಮ್ಮ ಕಡೆಯ ಕೆಲಸವೇ ಅಂಥದು. ಗಂಗಾವತಿ, ಕಾರಟಗಿ ಭಾಗದ ಅಕ್ಕಿ ಮಿಲ್‌ಗಳಲ್ಲಿ ವೇ ಬ್ರಿಡ್ಜ್ ಪಕ್ಕದ ಕೋಣೆಯಲ್ಲಿ ನಮ್ಮ ಲಿನಕ್ಸ್ ಪೆಟ್ಟಿಗೆ ಕೂತಿರುತ್ತದೆ, ಅದಕ್ಕೆ ನೆಟ್ ಇರುವುದಿಲ್ಲ, ಭತ್ತದ ಲಾರಿಗಳು ಹೊರಗೆ ಸಾಲಾಗಿ ನಿಂತಿರುವಾಗ ಪ್ರೋಗ್ರಾಂ ನಿಂತರೆ ಗುಮಾಸ್ತರು ಪರದೆಯದೊಂದು ಫೋಟೋ ಹೊಡೆದು ವಾಟ್ಸಾಪ್‌ನಲ್ಲಿ ಕಳಿಸಿ, "ಸರ, ಬಿಲ್ ಹೊಡಿವಾಗ ಬಂದ್ ಆಗೇತಿ ನೋಡ್ರಿ" ಅಂತಾರೆ. ಫೋಟೋದಿಂದ ಕಾಪಿ ಪೇಸ್ಟ್ ಆಗುವುದಿಲ್ಲ. ಸಾಲನ್ನು ಓದಲಿಕ್ಕೆ ಬಂದರೆ ಆ ಕ್ಷಣದಲ್ಲೇ ಎಲ್ಲಿ ಬಿದ್ದಿದೆ ಅಂತ ಹೇಳಬಹುದು.

ಮೊದಲು, ಕಂಪೈಲರ್ ಯಾಕೆ ಹೀಗೆ ಮಾಡುತ್ತದೆ ನೋಡೋಣ. ಸಿ ಭಾಷೆಯಲ್ಲಿ ಒಂದು ಹೆಸರಿಗೆ ಒಂದೇ ಫಂಕ್ಷನ್. ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಕೂಡ ಅಷ್ಟನ್ನೇ ನಂಬಿಕೊಂಡು ಬಂದಿತ್ತು: ಹೆಸರು ಕೊಡಿ, ಜಾಗ ಹುಡುಕುತ್ತೇನೆ. ಬ್ಯಾರ್ನೆ ಸ್ಟ್ರಾಸ್ಟ್ರಪ್ ಬೆಲ್ ಲ್ಯಾಬ್ಸ್‌ನಲ್ಲಿ 1979ರಲ್ಲಿ ಶುರು ಮಾಡಿದ ಕೆಲಸ 1983ರಲ್ಲಿ ಸಿ++ ಎಂಬ ಹೆಸರು ಪಡೆಯಿತು. ಅದರಲ್ಲಿ ಒಂದೇ ಹೆಸರಿನ ಎರಡು ಮೂರು ಫಂಕ್ಷನ್ ಬರೆಯಬಹುದು. ಚೀಲದ ಎಣಿಕೆ ಕೊಟ್ಟರೆ ಒಂದು ತೂಕ, ಕಿಲೋ ಕೊಟ್ಟರೆ ಇನ್ನೊಂದು ತೂಕ. ಈಗ ಲಿಂಕರ್ ಏನು ಮಾಡಬೇಕು? ಆನೆಗೊಂದಿ ಸುತ್ತ ಒಂದೇ ಓಣಿಯಲ್ಲಿ ಮೂವರು ಹನುಮಂತ ಇದ್ದರೆ ಜನ ಸುಮ್ನೆ ಅಂಗಡಿ ಹನುಮಂತ, ಟ್ರ್ಯಾಕ್ಟರ್ ಹನುಮಂತ, ಮೇಸ್ಟ್ರ ಹನುಮಂತ ಅಂತಾರೆ, ಅಲ್ವಾ? ಕಂಪೈಲರ್ ಮಾಡಿದ್ದೂ ಅದನ್ನೇ. ಹಳೆಯ ಲಿಂಕರನ್ನು ಬದಲಿಸದೆ, ಫಂಕ್ಷನ್ ಏನು ತೆಗೆದುಕೊಳ್ಳುತ್ತದೋ ಅದನ್ನು ಹೆಸರಿಗೇ ಅಂಟಿಸಿತು. ಇದರಿಂದ ಇನ್ನೊಂದು ಲಾಭವೂ ಆಯಿತು. ಒಂದು ಫೈಲಿನಲ್ಲಿ ಇಂಟ್ (ಪೂರ್ಣ ಸಂಖ್ಯೆ) ಎಂದು ಹೇಳಿ ಇನ್ನೊಂದರಲ್ಲಿ ಡಬಲ್ (ದಶಮಾಂಶ ಸಂಖ್ಯೆ) ಎಂದು ಬರೆದಿದ್ದರೆ ಹೆಸರುಗಳೇ ಕೂಡುವುದಿಲ್ಲ, ಲಿಂಕ್ ಮಾಡುವಾಗಲೇ ತಪ್ಪು ಸಿಕ್ಕಿಬೀಳುತ್ತದೆ.

ಅಂಟಿಸುವ ರೀತಿಯನ್ನು ಭಾಷೆಯ ಸ್ಟ್ಯಾಂಡರ್ಡ್ ಹೇಳಿಲ್ಲ, ಕಂಪೈಲರ್ ಮಾಡುವವರಿಗೇ ಬಿಟ್ಟಿದೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ನಡೆಯುವುದು ಇಟಾನಿಯಂ ಎಬಿಐ, ಅಂದರೆ ಕಂಪೈಲ್ ಆದ ತುಣುಕುಗಳು ಒಂದಕ್ಕೊಂದು ಕೂಡಲಿ ಅಂತ ಮಾಡಿಕೊಂಡ ಒಪ್ಪಂದ. ಇಂಟೆಲ್‌ನ ಇಟಾನಿಯಂ ಪ್ರೊಸೆಸರ್‌ಗಾಗಿ ಬರೆದದ್ದು ಅದು, ಪ್ರೊಸೆಸರ್ ಹೋಯಿತು, ಒಪ್ಪಂದ ಉಳಿಯಿತು. ಜಿಸಿಸಿ ಎಂಬ ಕಂಪೈಲರ್ 2001ರ 3.0 ಆವೃತ್ತಿಯಿಂದ ಇದನ್ನೇ ಹಿಡಿದಿದೆ, ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್ ಕೂಡ.

ಈಗ ಮೇಲಿನ ಸಾಲನ್ನು ಬಿಡಿಸೋಣ. ಅಂಡರ್‌ಸ್ಕೋರ್ ಮತ್ತು ದೊಡ್ಡ ಝಡ್ ಬಂದರೆ ಇದು ಮ್ಯಾಂಗಲ್ ಆದ ಹೆಸರು ಅಂತ ಗುರುತು. ಎನ್ ಅಂದರೆ ಹೆಸರಿನೊಳಗೆ ಹೆಸರು ಶುರುವಾಯಿತು, ಇ ಅಂದರೆ ಅದು ಮುಗಿಯಿತು. ನಡುವಿನ ಅಂಕಿಗಳು ಮುಂದೆ ಬರುವ ಹೆಸರಿಗೆ ಎಷ್ಟು ಇಂಗ್ಲಿಷ್ ಅಕ್ಷರ ಎಂದು ಹೇಳುತ್ತವೆ. ಮಿಲ್ ಎಂಬುದಕ್ಕೆ ಎಂ ಐ ಎಲ್ ಎಲ್, 4. ತೂಕಕ್ಕೆ ಟಿ ಓ ಓ ಕೆ ಎ, 5. ಚೀಲವನ್ನೂ ಐದೇ ಅಕ್ಷರದಲ್ಲಿ ಬರೆದಿದ್ದೇವೆ. ಹಾಗಾಗಿ ಇದು ಮಿಲ್ ಎಂಬ ನೇಮ್‌ಸ್ಪೇಸ್ (ಹೆಸರುಗಳ ಗುಂಪು), ಅದರಲ್ಲಿ ಚೀಲ ಎಂಬ ಕ್ಲಾಸ್, ಅದರಲ್ಲಿ ತೂಕ ಎಂಬ ಫಂಕ್ಷನ್. ಇ ಆದ ಮೇಲೆ ಉಳಿದದ್ದು ಫಂಕ್ಷನ್ ತೆಗೆದುಕೊಳ್ಳುವ ಸಾಮಾನು. ಚಿಕ್ಕ ಐ ಅಂದರೆ ಇಂಟ್. ಕೊನೆಗೆ ಐ ಇದ್ದರೆ ಚೀಲದ ಎಣಿಕೆ ತೆಗೆದುಕೊಳ್ಳುವ ಫಂಕ್ಷನ್ ಒಳಗೆ ಬಿದ್ದಿದೆ, ಚಿಕ್ಕ ಡಿ ಇದ್ದರೆ ಕಿಲೋ ತೆಗೆದುಕೊಳ್ಳುವ ಡಬಲ್‌ನದು. ಹುಡುಕಾಟ ಅರ್ಧಕ್ಕರ್ಧ ಅಲ್ಲೇ ಮುಗಿಯಿತು.

ಉಳಿದ ಅಕ್ಷರಗಳೂ ಕಷ್ಟವಿಲ್ಲ. ಚಿಕ್ಕ ಅಕ್ಷರಗಳಲ್ಲಿ ಸಿ ಕ್ಯಾರ್, ಎಫ್ ಫ್ಲೋಟ್, ಬಿ ಬೂಲ್, ಎಲ್ ಲಾಂಗ್. ಏನೂ ತೆಗೆದುಕೊಳ್ಳದಿದ್ದರೆ ವಿ. ಜೆ ಅಂದರೆ ಮೈನಸ್ ಇಲ್ಲದ ಇಂಟ್, ಎಂ ಅಂದರೆ ಮೈನಸ್ ಇಲ್ಲದ ಲಾಂಗ್. ಇವೆರಡನ್ನು ನೆನಪಿಟ್ಟುಕೊಳ್ಳಬೇಕು, ಊಹೆಗೆ ಸಿಗುವುದಿಲ್ಲ. ದೊಡ್ಡ ಪಿ ಪಾಯಿಂಟರ್, ದೊಡ್ಡ ಆರ್ ರೆಫರೆನ್ಸ್, ದೊಡ್ಡ ಕೆ ಕಾನ್ಸ್ಟ್. ಪಿ ಕೆ ಸಿ ಎಂದು ಬಂದರೆ ಎಡದಿಂದ ಓದಿಕೊಂಡು ಹೋಗಿ: ಪಾಯಿಂಟರ್, ಬದಲಾಗದ, ಕ್ಯಾರ್. ನಾವು ದಿನಾ ಬರೆಯುವ ಸಿ ಶೈಲಿಯ ಸ್ಟ್ರಿಂಗ್ ಅದೇ. ಎನ್ ಆದ ಕೂಡಲೇ ಕೆ ಬಂದರೆ ಆ ಫಂಕ್ಷನ್ನೇ ಕಾನ್ಸ್ಟ್. ಹೆಸರಿನ ಜಾಗದಲ್ಲಿ ದೊಡ್ಡ ಅಕ್ಷರದ ಸಿ1 ಅಥವಾ ಸಿ2 ಇದ್ದರೆ ಆಬ್ಜೆಕ್ಟ್ ಕಟ್ಟುವ ಕನ್ಸ್ಟ್ರಕ್ಟರ್, ಡಿ0, ಡಿ1, ಡಿ2 ಇದ್ದರೆ ಅದನ್ನು ಕೆಡವುವ ಡಿಸ್ಟ್ರಕ್ಟರ್.

ಜಾಸ್ತಿ ಜನ ಎಡವುವುದು ದೊಡ್ಡ ಎಸ್ ಹತ್ತಿರ. ಹೆಸರು ವಿಪರೀತ ಉದ್ದ ಆಗಬಾರದು ಅಂತ ಒಮ್ಮೆ ಬಂದದ್ದನ್ನು ಮತ್ತೆ ಬರೆಯದೆ ಎಸ್ ಅಂಡರ್‌ಸ್ಕೋರ್, ಎಸ್ 0 ಅಂಡರ್‌ಸ್ಕೋರ್, ಎಸ್ 1 ಅಂಡರ್‌ಸ್ಕೋರ್ ಎಂದು ಹಿಂದಕ್ಕೆ ಬೆರಳು ತೋರಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಮೊದಲು ಬಂದದ್ದು ಮಿಲ್, ಅದು ಎಸ್ ಅಂಡರ್‌ಸ್ಕೋರ್. ಆಮೇಲೆ ಮಿಲ್ ಒಳಗಿನ ಚೀಲ, ಅದು ಎಸ್ 0 ಅಂಡರ್‌ಸ್ಕೋರ್. ಸೊನ್ನೆ ಎರಡನೆಯದಕ್ಕೆ ಎಂಬುದೇ ಇಲ್ಲಿನ ತೊಡಕು. ಹಾಗಾಗಿ ಇ ಆದ ಮೇಲೆ ಆರ್, ಕೆ, ಎಸ್ 0 ಅಂಡರ್‌ಸ್ಕೋರ್ ಎಂದು ಕಂಡರೆ ತೂಕ ಫಂಕ್ಷನ್ ಇನ್ನೊಂದು ಚೀಲವನ್ನೇ ರೆಫರೆನ್ಸ್ ಆಗಿ, ಬದಲಿಸದೆ ತೆಗೆದುಕೊಳ್ಳುತ್ತಿದೆ. ಎಸ್ ಆದ ಮೇಲೆ ಚಿಕ್ಕ ಟಿ ಬಂದರೆ ಮಾತ್ರ ಬೇರೆ: ಅದು ಸ್ಟ್ಯಾಂಡರ್ಡ್ ಲೈಬ್ರರಿಯ ಗುರುತು.

ಲೈಬ್ರರಿಯ ಸ್ಟ್ರಿಂಗ್ ಬಂದಾಗಲಂತೂ ಸಾಲು ಪರದೆ ದಾಟಿ ಹೋಗುತ್ತದೆ. ಅಲ್ಲಿ 7, ಎರಡು ಅಂಡರ್‌ಸ್ಕೋರ್, ಸಿ ಎಕ್ಸ್ ಎಕ್ಸ್, ಆಮೇಲೆ 1112 ಎಂದು ಕಾಣುತ್ತದೆ. ಇದೇನು ಸಾವಿರದ ಚಿಲ್ಲರೆ ಅಕ್ಷರದ ಹೆಸರು ಅಂತ ಗಾಬರಿ ಬೇಡ. 7 ಎಂದು ಮೊದಲೇ ಹೇಳಿದೆಯಲ್ಲ, ಏಳು ಎಣಿಸಿ: ಎರಡು ಅಂಡರ್‌ಸ್ಕೋರ್, ಸಿ, ಎಕ್ಸ್, ಎಕ್ಸ್, 1, 1. ಅಲ್ಲಿಗೆ ಮುಗಿಯಿತು. ಉಳಿದ 12 ಮುಂದಿನ ಬೇಸಿಕ್ ಸ್ಟ್ರಿಂಗ್ ಎಂಬ ಹೆಸರಿನ ಉದ್ದ. ಈ ಏಳಕ್ಷರದ ತುಣುಕು ಜಿಸಿಸಿ 5ರಿಂದ, ಅಂದರೆ 2015ರಿಂದ ಬಂದದ್ದು. ಒಂದು ಲೈಬ್ರರಿಯಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎರಡೂ ಬೇರೆ ಬೇರೆ ಸ್ಟ್ರಿಂಗ್ ನಂಬಿಕೊಂಡು ಕಂಪೈಲ್ ಆಗಿವೆ ಎಂದು ಅರ್ಥ, ಅವು ಲಿಂಕ್ ಆಗುವುದಿಲ್ಲ.

ಫೋಟೋ ನೋಡಿ ಟೈಪ್ ಮಾಡುವವರಿಗೆ ಈ ಉದ್ದದ ಅಂಕಿ ದೊಡ್ಡ ಆಸರೆ. ಅಂಕಿ 1, ಚಿಕ್ಕ ಎಲ್, ದೊಡ್ಡ ಐ ಮೂರೂ ಪರದೆಯಲ್ಲಿ ಒಂದೇ ಥರ ಕಾಣುತ್ತವೆ. ಆದರೆ ಒಂದು ಉದ್ದ ಹೇಳುತ್ತದೆ, ಇನ್ನೊಂದು ಲಾಂಗ್, ಮತ್ತೊಂದು ಟೆಂಪ್ಲೇಟ್ (ಬೇರೆ ಬೇರೆ ಟೈಪಿಗೆ ಹೊಂದುವ ಅಚ್ಚು) ಶುರುವಾಯಿತು ಎನ್ನುತ್ತದೆ. ಒಂದೇ ಒಂದು ಅಕ್ಷರ ತಪ್ಪಿದರೂ ಸಾಮಾನ್ಯವಾಗಿ ಟೂಲ್ ಏನೂ ಬೈಯದೆ ಕೊಟ್ಟದ್ದನ್ನು ಹಾಗೇ ವಾಪಸ್ ಕೊಡುತ್ತದೆ. ಆಗ ಪ್ರತಿ ಅಂಕಿಯ ಮುಂದಿನ ಅಕ್ಷರಗಳನ್ನು ಎಣಿಸಿ ನೋಡಿ, ಎಲ್ಲಿ ಲೆಕ್ಕ ಕೂಡುವುದಿಲ್ಲವೋ ಅಲ್ಲೇ ತಪ್ಪಿದೆ.

ಟೂಲ್ ವಿಷಯಕ್ಕೆ ಬಂದರೆ, ಬೈನ್‌ಯುಟಿಲ್ಸ್ ಎಂಬ ಟೂಲುಗಳ ಕಟ್ಟಿನ ಜೊತೆ ಬರುವ ಸಿ++ಫಿಲ್ಟ್ ಸಾಕು. ಒಂದು ಹೆಸರು ಕೊಡಿ ಅಥವಾ ಇಡೀ ಲಾಗ್ ಫೈಲನ್ನೇ ಅದರ ಮೂಲಕ ಹಾಯಿಸಿ. ಕಂಪೈಲ್ ಆದ ಫೈಲಿನ ಒಳಗೇನಿದೆ ಎಂದು ತೋರಿಸುವ ಎನ್‌ಎಂ, ಆಬ್ಜ್‌ಡಂಪ್ ಎರಡಕ್ಕೂ ಮೈನಸ್ ದೊಡ್ಡ ಸಿ ಹಾಕಿದರೆ ಅವೇ ಬಿಡಿಸಿ ತೋರಿಸುತ್ತವೆ. ಜಿಡಿಬಿ ಎಂಬ ಡೀಬಗರ್ ಒಳಗೆ ಡೀಮ್ಯಾಂಗಲ್ ಎಂಬ ಆಜ್ಞೆಯೇ ಇದೆ. ಜಿಡಿಬಿ ತಾನಾಗಿಯೇ ಹೆಸರು ಬಿಡಿಸುತ್ತದೆ, ಆದರೆ ಅಸೆಂಬ್ಲಿ ನೋಡುವಾಗ ಬಿಡಿಸುವುದಿಲ್ಲ, ಆ ಸೆಟ್ಟಿಂಗ್ ಮೊದಲಿಂದ ಆಫ್ ಇರುತ್ತದೆ. ಸೆಟ್ ಪ್ರಿಂಟ್ ಎಎಸ್‌ಎಂ-ಡೀಮ್ಯಾಂಗಲ್ ಆನ್ ಎಂದು ಹೇಳಿದರೆ ಅಲ್ಲಿಯೂ ಓದಬಲ್ಲ ಹೆಸರು ಬರುತ್ತದೆ. ಹೆಸರಿನ ಬಾಲಕ್ಕೆ ಚುಕ್ಕಿ ಹಾಕಿ ಕೋಲ್ಡ್ ಅಥವಾ ಕಾನ್ಸ್ಟ್‌ಪ್ರಾಪ್ ಎಂದಿದ್ದರೆ ಅದು ಬೇರೆ ಫಂಕ್ಷನ್ ಅಲ್ಲ, ವೇಗಕ್ಕಾಗಿ ಕಂಪೈಲರ್ ಅದೇ ಫಂಕ್ಷನ್ನನ್ನು ಒಡೆದದ್ದು ಅಥವಾ ನಕಲು ಮಾಡಿದ್ದು.

ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಕಂಪೈಲರ್ ಬಳಸುವವರಿಗೆ ಈ ಯಾವ ಅಕ್ಷರವೂ ನಡೆಯುವುದಿಲ್ಲ. ಅಲ್ಲಿ ಹೆಸರು ಪ್ರಶ್ನಾರ್ಥಕ ಚಿಹ್ನೆಯಿಂದ ಶುರು, ನಡುವೆ ಆ್ಯಟ್ ಚಿಹ್ನೆಗಳು, ಇಂಟ್‌ಗೆ ದೊಡ್ಡ ಎಚ್, ಡಬಲ್‌ಗೆ ದೊಡ್ಡ ಎನ್. ಫಂಕ್ಷನ್ ವಾಪಸ್ ಕೊಡುವುದೇನು ಎಂಬುದೂ ಹೆಸರಲ್ಲಿ ಇರುತ್ತದೆ. ಇಟಾನಿಯಂ ರೀತಿಯಲ್ಲಿ ಟೆಂಪ್ಲೇಟ್ ಅಲ್ಲದ ಫಂಕ್ಷನ್‌ಗಳಿಗೆ ಅದು ಇರುವುದಿಲ್ಲ. ಬಿಡಿಸಲಿಕ್ಕೆ ವಿಶುವಲ್ ಸ್ಟುಡಿಯೋ ಜೊತೆ ಅನ್‌ಡಿನೇಮ್ ಬರುತ್ತದೆ.

ಹೆಸರು ಮ್ಯಾಂಗಲ್ ಆಗುವುದೇ ಬೇಡ ಅಂದರೆ ಎಕ್ಸ್‌ಟರ್ನ್ ಸಿ ಎಂದು ಬರೆಯಬೇಕು. ಪೈಥಾನ್‌ನಿಂದಲೋ ಸಿ ಯಿಂದಲೋ ಕರೆಯುವ ಫಂಕ್ಷನ್‌ಗೆ ಇದು ಬೇಕೇ ಬೇಕು. ಇದನ್ನು ಮರೆತಾಗ ಲಿಂಕರ್ ಬೈಗುಳವನ್ನೇ ಗಮನಿಸಿ: ತೂಕ ಸಿಗಲಿಲ್ಲ ಎನ್ನುವಾಗ ಹೆಸರಿನ ಮುಂದೆ ಕಂಸದಲ್ಲಿ ಇಂಟ್ ಎಂದು ತೋರಿಸಿದರೆ ಕರೆಯುವ ಕಡೆ ಸಿ++ ಹೆಸರು ಹುಡುಕುತ್ತಿದೆ, ಬರೀ ತೂಕ ಎಂದಿದ್ದರೆ ಸಿ ಹೆಸರು ಹುಡುಕುತ್ತಿದೆ. ಇಷ್ಟು ನೋಡಿದರೆ ಯಾವ ಹೆಡರ್ ಸರಿಪಡಿಸಬೇಕು ಎಂದು ತಿಳಿಯುತ್ತದೆ.

ಪ್ರೋಗ್ರಾಂ ಒಳಗಿಂದಲೇ ಬಿಡಿಸಿಕೊಳ್ಳಲಿಕ್ಕೂ ದಾರಿ ಇದೆ. ಎಬಿಐ ನೇಮ್‌ಸ್ಪೇಸಿನ ಸಿಎಕ್ಸ್‌ಎ ಡೀಮ್ಯಾಂಗಲ್ ಎಂಬ ಫಂಕ್ಷನ್ ಬಿಡಿಸಿದ ಹೆಸರು ಕೊಡುತ್ತದೆ, ಅದು ಹೊಸದಾಗಿ ಪಡೆದ ಮೆಮೊರಿಯನ್ನು ನಾವೇ ಫ್ರೀ ಮಾಡಬೇಕು. ಮಾಮೂಲಿ ಲಾಗ್‌ಗಳಿಗೆ ಇದು ಚೆನ್ನಾಗಿದೆ. ಆದರೆ ಕ್ರ್ಯಾಶ್ ಆದಾಗ ಓಡುವ ಸಿಗ್ನಲ್ ಹ್ಯಾಂಡ್ಲರ್ ಒಳಗೆ ದಯವಿಟ್ಟು ಇದನ್ನು ಕರೆಯಬೇಡಿ. ಅದು ಮೆಮೊರಿ ಕೇಳುತ್ತದೆ, ಆ ಹೊತ್ತಿಗೆ ಮೆಮೊರಿಯೇ ಕೆಟ್ಟಿರಬಹುದು, ಪ್ರೋಗ್ರಾಂ ಅಲ್ಲೇ ಸಿಕ್ಕಿಹಾಕಿಕೊಂಡು ಲಾಗ್ ಕೂಡ ಬರೆಯದೆ ಹೋಗಬಹುದು. ಹ್ಯಾಂಡ್ಲರ್‌ನಿಂದ ಮ್ಯಾಂಗಲ್ ಆದ ಹೆಸರನ್ನೇ ಹಾಗೇ ಬರೆಸಿ, ಬಿಡಿಸುವುದನ್ನು ಆಮೇಲೆ ನಿಮ್ಮ ಮೆಷಿನ್ನಿನಲ್ಲಿ ಮಾಡಿ.