ಬಾಗಿಲು ತೆಗೆಯುವ ಮುಂಚೆ

ಅವರಿಗೆ 45ರ ಆಸುಪಾಸು. ಹೆಂಡತಿಯೇ ಕರೆದುಕೊಂಡು ಬಂದಿದ್ದರು. ಆಫೀಸಿನಲ್ಲಿ ಯಾರಿಗೂ ದನಿ ಎತ್ತಿ ಮಾತಾಡದ ಮನುಷ್ಯ. ಹಿಂದಿನ ವಾರ ಸಿಗ್ನಲ್‌ನಲ್ಲಿ ಕಾರಿನಿಂದ ಇಳಿದು ಹೋಗಿ ಇನ್ನೊಬ್ಬರ ಕಾರಿನ ಕನ್ನಡಿ ಒಡೆದುಬಿಟ್ಟಿದ್ದರು. "ಹೋಗೋ ಅನ್ನೋ ಹಾಗೆ ಕೈ ಬೀಸಿದ ಮೇಡಂ" ಅಂದರು. ಆ ಕೈ ಯಾರಿಗೆ ಬೀಸಿದ್ದು ಅಂತ ಆಮೇಲೆ ಗೊತ್ತಾಯಿತು. ಆ ಕಾರಿನ ಹಿಂದಿನ ಸೀಟಿನಲ್ಲಿ ಮಗು ಎದ್ದು ನಿಂತಿತ್ತು. ಅಪ್ಪ "ಕೂತ್ಕೋ" ಅಂದಿದ್ದ, ಅಷ್ಟೇ.

ಆಪ್ತಸಮಾಲೋಚಕಿಯಾಗಿ ಇಂಥ ಕಥೆಗಳನ್ನು ಎಷ್ಟೋ ಕೇಳಿದ್ದೇನೆ. ಕೆದಕಿದಾಗ ತಳದಲ್ಲಿ ಸಿಗುವುದು ಬಹುಪಾಲು ಒಂದೇ ಮಾತು: "ನನ್ನನ್ನ ಏನಂದ್ಕೊಂಡಿದ್ದಾನೆ ಅವನು?"

ನಾವು ಅಡ್ಡ ನುಗ್ಗಿದರೆ ಅದಕ್ಕೊಂದು ಕಾರಣ ಇರುತ್ತದೆ. ತಡವಾಗಿತ್ತು, ಬೋರ್ಡ್ ಕಾಣಲಿಲ್ಲ. ಬೇರೆಯವರು ನುಗ್ಗಿದರೆ ಅವರ ಬುದ್ಧಿಯೇ ಅಂಥದ್ದು ಅಂದುಬಿಡುತ್ತೇವೆ. ಮನಸ್ಸಿನ ಈ ತಪ್ಪು ಲೆಕ್ಕಕ್ಕೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲೇ ಒಂದು ಹೆಸರು ಕೊಟ್ಟರು. ಗಾಡಿಯೊಳಗೆ ಕೂತಾಗ ಅದು ಇನ್ನೂ ಜಾಸ್ತಿ. ನಡೆಯುವಾಗ ಭುಜ ತಾಗಿದರೆ ಮುಖ ನೋಡಿ "ಸಾರಿ" ಅಂತೀವಿ, ಮುಗೀತು. ಕಾರಿನಲ್ಲಿ ಮುಖ ಕಾಣಲ್ಲ, ಮಾತು ಕೇಳಲ್ಲ. ಇರುವುದು ಒಂದು ಹಾರ್ನ್. ಎಚ್ಚರಿಸುವುದಕ್ಕೂ ಅದೇ ಸದ್ದು, ಬೈಯುವುದಕ್ಕೂ ಅದೇ ಸದ್ದು.

ಸಿಟ್ಟು ಬಂದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಗಮನವೆಲ್ಲ ಆ ಒಬ್ಬನ ಮೇಲೆಯೇ ನಿಲ್ಲುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಪಕ್ಕದವನನ್ನು ಎರಡು ಸೆಕೆಂಡ್ ದುರುಗುಟ್ಟಿಕೊಂಡು ನೋಡಿದರೆ 33 ಮೀಟರ್ ದಾರಿ ನೋಡದೆಯೇ ಓಡಿಸಿದ ಹಾಗೆ. ಒಂದು ಸಲ ಬೈದುಬಿಟ್ಟರೆ ಸಿಟ್ಟು ಇಳಿಯುತ್ತೆ ಅಂತ ತುಂಬಾ ಜನ ಹೇಳುತ್ತಾರೆ. ಇಳಿಯಲ್ಲ. ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನು ನೆನೆಸಿಕೊಂಡು ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಸಿಟ್ಟು, ಸುಮ್ನೆ ಕೂತವರ ಸಿಟ್ಟಿಗಿಂತ ಜಾಸ್ತಿಯೇ ಇತ್ತು.

ಎದುರಿನವರ ಸಿಟ್ಟು ನಮ್ಮ ಕೈಯಲ್ಲಿಲ್ಲ. ಅದರಿಂದ ತಪ್ಪಿಸಿಕೊಳ್ಳುವುದಕ್ಕೆ ಜಾಗ ಇಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ. ಸಿಗ್ನಲ್‌ನಲ್ಲಿ ಮುಂದಿನ ಗಾಡಿಯ ಹಿಂದಿನ ಚಕ್ರ ರಸ್ತೆಗೆ ತಾಗುವ ಜಾಗ ನಿಮಗೆ ಕಾಣಬೇಕು, ಅಷ್ಟು ದೂರ ಬಿಟ್ಟು ನಿಲ್ಲಿಸಿ. ಆಗ ರಿವರ್ಸ್ ಹಾಕದೆಯೇ ಪಕ್ಕಕ್ಕೆ ತಿರುಗಿಸಿ ಹೊರಬರಬಹುದು. ಯಾರಾದರೂ ಇಳಿದು ನಿಮ್ಮ ಕಡೆ ಬಂದರೆ ಬಾಗಿಲು ಲಾಕ್ ಆಗಿರಲಿ, ಗಾಜು ಮೇಲಿರಲಿ. ನೂರಕ್ಕೆ ನೂರು ನಿಮ್ಮದೇ ಸರಿ ಇದ್ದರೂ ಇಳಿಯಬೇಡಿ, ದಯವಿಟ್ಟು. ಮೊಬೈಲ್ ಎತ್ತಿ ಅವನ ಮುಖಕ್ಕೆ ಹಿಡಿದು ವಿಡಿಯೋ ಮಾಡುವುದೂ ಬೇಡ, ಅದು ಸವಾಲು ಹಾಕಿದ ಹಾಗೆ ಕಾಣುತ್ತದೆ. ಅದೇ ಮೊಬೈಲ್‌ನಿಂದ ತುರ್ತು ನಂಬರ್‌ಗೆ ಕರೆ ಮಾಡಿ. ಹಿಂಬಾಲಿಸಿ ಬರುತ್ತಿದ್ದರೆ ಮನೆಗೆ ಹೋಗಬೇಡಿ, ಮನೆ ಎಲ್ಲಿ ಅಂತ ನೀವೇ ತೋರಿಸಿಕೊಟ್ಟಂತಾಗುತ್ತದೆ. ಪೊಲೀಸ್ ಠಾಣೆ, ಪೆಟ್ರೋಲ್ ಬಂಕ್, ಆಸ್ಪತ್ರೆ, ಹೀಗೆ ಜನ ಮತ್ತು ಬೆಳಕು ಇರುವ ಕಡೆ ಹೋಗಿ. ಬೈಕ್‌ನವರಿಗೆ ಬಾಗಿಲೂ ಇಲ್ಲ, ಗಾಜೂ ಇಲ್ಲ. ವೇಗ ಇಳಿಸಿ ಅವನನ್ನು ಮುಂದೆ ಬಿಡಿ. ನಿಲ್ಲಲೇಬೇಕಾಗಿ ಬಂದರೆ ಹೆಲ್ಮೆಟ್ ತೆಗೆಯಬೇಡಿ.

ತಪ್ಪು ನಿಮ್ಮದೇ ಆಗಿದ್ದರೆ ಅಂಗೈ ಎತ್ತಿ ತೋರಿಸಿ. ಎಷ್ಟೋ ಜಗಳ ಅಲ್ಲಿಗೇ ನಿಂತುಹೋಗುತ್ತದೆ.

ಪಾರ್ಕಿಂಗ್ ಜಗಳ ಬೇರೆ ಥರ. ಕಾರಣ, ಅಲ್ಲಿ ಎದುರಿನವರು ನಾಳೆಯೂ ಸಿಗುತ್ತಾರೆ. ಅಮೆರಿಕದಲ್ಲಿ ಮಾಲ್ ಪಾರ್ಕಿಂಗ್‌ನಲ್ಲಿ ಮಾಡಿ 1997ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನೆನಪಾಗುತ್ತದೆ. ಯಾರೂ ಕಾಯದಿದ್ದಾಗ ಜನ ಸುಮಾರು 32 ಸೆಕೆಂಡಿನಲ್ಲಿ ಜಾಗ ಖಾಲಿ ಮಾಡುತ್ತಿದ್ದರು. ಯಾರಾದರೂ ಕಾಯುತ್ತಿದ್ದರೆ ಸುಮಾರು 39. ಹಾರ್ನ್ ಹೊಡೆದರೆ ಇನ್ನೂ ನಿಧಾನ. ಹೊರಡುತ್ತಿದ್ದೇವೆ, ಆ ಜಾಗ ನಮಗೆ ಬೇಕಿಲ್ಲ. ಆದರೂ "ನಂದು" ಅನ್ನುವುದು ಬಿಡಲ್ಲ, ಅಲ್ವಾ?

ಅಕ್ಕಪಕ್ಕದ ಮನೆಯ ಇಬ್ಬರು ನನ್ನ ಹತ್ತಿರ ಬಂದಿದ್ದರು. ಪಾರ್ಕಿಂಗ್ ಗೆರೆಯ ವಿಷಯಕ್ಕೆ ಎರಡು ವರ್ಷದಿಂದ ಮಾತಿಲ್ಲ. ವೈಪರ್ ಕೆಳಗೆ ಚೀಟಿ ಇಡುವುದು, ಚೀಟಿ ಹರಿದು ಅಲ್ಲೇ ಬಿಸಾಡುವುದು ಮಾತ್ರ ತಪ್ಪದೆ ನಡೆಯುತ್ತಿತ್ತು. ನಾನು ಒಂದು ಹಾಳೆಯ ಮೇಲೆ ಲೆಕ್ಕ ಬರೆದೆ. ಅವರ ಜಾಗದ ಅಗಲ 2.5 ಮೀಟರ್, ಕಾರಿನ ಅಗಲ 1.8. ಸರಿಯಾಗಿ ನಡುವೆ ನಿಲ್ಲಿಸಿದರೂ ಒಂದೊಂದು ಬದಿಗೆ ಉಳಿಯುವುದು 35 ಸೆಂಟಿಮೀಟರ್. ಪಕ್ಕದವರು ಗೆರೆ ಮೇಲೆ ಬಂದರೆ ಬಾಗಿಲು ಅರ್ಧವೂ ತೆಗೆಯಲು ಆಗಲ್ಲ.

ಹಾಳೆ ನೋಡುತ್ತಾ ಒಬ್ಬರು ಸುಮ್ಮನಾದರು. ಆಮೇಲೆ ನಿಧಾನಕ್ಕೆ ಹೇಳಿದರು. ಮಂಡಿ ಆಪರೇಷನ್ ಆದ ಅಪ್ಪನನ್ನು ಆಸ್ಪತ್ರೆಯಿಂದ ಕರೆತಂದ ದಿನ ಬಾಗಿಲು ಪೂರ್ತಿ ತೆಗೆಯಲು ಆಗಿರಲಿಲ್ಲ. ಅಪ್ಪ ಕಾಲು ತಿರುಚಿಕೊಂಡು ಇಳಿಯುವಾಗ ಕಿರುಚಿದ್ದರು. ಇವರು ಅಂದೇ ತೀರ್ಮಾನ ಮಾಡಿಬಿಟ್ಟಿದ್ದರು: ಪಕ್ಕದವನು ಬೇಕಂತಲೇ ಮಾಡಿದ್ದಾನೆ.

"ನನಗೆ ಒಂದು ಮಾತು ಹೇಳಲೇ ಇಲ್ಲವಲ್ಲ ಸಾರ್" ಅಂದರು ಪಕ್ಕದವರು. ಅವರ ಮುಖ ಸಣ್ಣದಾಗಿತ್ತು.

ಇಂಥ ಮಾತನ್ನು ಚೀಟಿಯಲ್ಲಿ ಬರೆಯಲು ಆಗಲ್ಲ. ಸಿಟ್ಟಿನ ಗಳಿಗೆಯಲ್ಲೂ ಬೇಡ, ಮಕ್ಕಳೆದುರು, ನಾಲ್ಕು ಜನರೆದುರು ಬೇಡ. ಮರುದಿನ ಹೋಗಿ, ಏನು ತೊಂದರೆ ಆಯಿತು ಅಂತ ಹೇಳಿ. "ನೀವು ಯಾವಾಗ್ಲೂ ಹೀಗೇನೇ" ಅಂತ ಶುರುಮಾಡಿದರೆ ಮುಂದಿನದು ಅವರ ಕಿವಿಗೆ ಬೀಳಲ್ಲ.

ಎದುರಿನಿಂದ ನೋಡಿದಾಗ ಎಡಗಡೆ ಜಾಗದವರು ಕಾರನ್ನು ರಿವರ್ಸ್‌ನಲ್ಲಿ, ಬಲಗಡೆಯವರು ನೇರವಾಗಿ ನಿಲ್ಲಿಸಿದರೆ ಇಬ್ಬರ ಡ್ರೈವರ್ ಬಾಗಿಲೂ ಹೊರಬದಿಗೆ ಬರುತ್ತದೆ ಅಂತ ಹಾಳೆಯ ಮೇಲೆ ಬರೆದು ತೋರಿಸಿದೆ. ಹಾಗೇ ಮಾಡೋಣ ಅಂತ ಅವರೇ ಮಾತಾಡಿಕೊಂಡರು. ಹೊರಡುವಾಗ ಪಕ್ಕದವರು ಬಾಗಿಲ ಹತ್ತಿರ ನಿಂತು ಹೇಳಿದರು: "ಅಪ್ಪನ್ನ ಕರ್ಕೊಂಡು ಬರೋ ದಿನ ಒಂದು ಫೋನ್ ಮಾಡಿ ಸಾರ್. ನಾನು ಗಾಡಿ ಆಚೆ ತೆಗೆದಿರ್ತೀನಿ."